ರಿಮೋಟ್ ಹಂಚುತ್ತಿದ್ದವರು

ಜಯನಗರದ ಒಂದು ಸಣ್ಣ ಸಭಾಂಗಣದಲ್ಲಿ ಅವರ ಶ್ರದ್ಧಾಂಜಲಿ ಸಭೆ ನಡೆಯಿತು. ಹಳೆಯ ಕಚೇರಿಯವರು ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ಐದು ಜನ ಮಾತಾಡಿದರು. ಐವರೂ ಹೇಳಿದ್ದು ಒಂದೇ. ಅವರಿದ್ದ ಕಡೆ ನಗು ಇರುತ್ತಿತ್ತಂತೆ. ಪ್ರಕಾಶನಂತೂ “ಭಾನುವಾರ ಅಂದ್ರೆ ನಮ್ಗೆಲ್ಲ ಸಾರ್ ಮನೆ, ಸಾರ್ ವಿಡಿಯೋ ಗೇಮು” ಎನ್ನುವಾಗ ಕಣ್ಣೊರೆಸಿಕೊಂಡ. ಆಮೇಲೆ ನನ್ನ ಕಡೆ ತಿರುಗಿ, “ನೀನೂ ಎರಡು ಮಾತಾಡು” ಎಂದ. ಗಂಟಲು ಸರಿಯಿಲ್ಲ ಎಂದು ಕೈಸನ್ನೆ ಮಾಡಿದೆ. ಗಂಟಲು ಸರಿಯಾಗಿಯೇ ಇತ್ತು.

ಅಲ್ಲಿ ಹೇಳದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಅದು ಗೌರವದಿಂದಲ್ಲ, ಅದೇ ಹೆಸರಿನ ಒಳ್ಳೆಯ ಮನುಷ್ಯರು ಇಬ್ಬರು ಮೂವರು ನನಗೆ ಗೊತ್ತು, ಅವರಿಗೆ ಮಸಿ ತಾಗುವುದು ಬೇಡ. ನಾಲ್ಕು ವರ್ಷ ಇವರ ಕೈಕೆಳಗೆ ಕೆಲಸ ಮಾಡಿದೆ. ಇವರ ಮನೆಯಲ್ಲಿ ಎಷ್ಟೋ ಭಾನುವಾರ ಉಂಡೆ. ಒಂದು ದಿನವೂ ಇವರನ್ನು ಇಷ್ಟಪಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೊದಲ ಮೂರು ತಿಂಗಳು ತುಂಬ ಇಷ್ಟಪಟ್ಟಿದ್ದೆ. ಅದನ್ನು ನೆನೆದಾಗ ಈಗಲೂ ಮೈ ಉರಿಯುತ್ತದೆ.

ನಮ್ಮದು ಹೊರದೇಶದ ಪಠ್ಯಪುಸ್ತಕಗಳ ಪುಟ ಜೋಡಿಸಿ, ಕರಡು ತಿದ್ದಿ ಕಳಿಸುವ ಕಚೇರಿ. ನಾಲ್ಕನೇ ಬ್ಲಾಕಿನಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ಗದಗಿನ ಕಡೆಯಿಂದ ಡಿಗ್ರಿ ಮುಗಿಸಿ ಬಂದ ನಾನು, ಸುದ್ದಗುಂಟೆಪಾಳ್ಯದಲ್ಲಿ ನಮ್ಮ ಕಡೆಯ ಇನ್ನಿಬ್ಬರ ಜೊತೆ ಒಂದು ಕೋಣೆ ಹಿಡಿದಿದ್ದೆ. ಕರಡು ತಿದ್ದುವ ಕೆಲಸ ಸಿಕ್ಕಿತು. ಆರು ತಿಂಗಳು ನೋಡುತ್ತಾರೆ, ಆಮೇಲೆ ಖಾಯಂ. ಖಾಯಂ ಮಾಡಬೇಕೋ ಬೇಡವೋ ಎಂದು ಮೇಲಿನವರಿಗೆ ಬರೆದುಕೊಡುವವರು ನಮ್ಮ ವಿಭಾಗದ ಮುಖ್ಯಸ್ಥರು. ಅವರೇ ಇವರು.

ಕುಳ್ಳಗಿದ್ದರು, ಬೆಳ್ಳಗಿದ್ದರು. ನಲವತ್ತು ದಾಟಿದ್ದರೂ ತಲೆ ತುಂಬ ಕಪ್ಪು ಕೂದಲು. ನಗುವಾಗ ಎದುರಿಗಿದ್ದವರ ಹೆಗಲು ಹಿಡಿದುಕೊಳ್ಳುತ್ತಿದ್ದರು, ನಗು ಮುಗಿಯುವವರೆಗೂ ಬಿಡುತ್ತಿರಲಿಲ್ಲ. ಬೆರಳುಗಳಲ್ಲಿ ಬಲವಿತ್ತು. ಹಿಡಿಸಿಕೊಂಡವರು ತಾವೂ ನಕ್ಕರೆ ಬೇಗ ಬಿಡುತ್ತಾರೆ ಎಂಬುದನ್ನು ಒಂದು ವಾರದಲ್ಲಿ ಕಲಿತೆ. ಎಲ್ಲರಿಗೂ ಒಂದೊಂದು ಹೆಸರಿಟ್ಟಿದ್ದರು. ಪ್ರಕಾಶನ ತಲೆ ಬೋಳಾಗುತ್ತಿತ್ತು, ಅವನು ‘ಚೊಂಬು’. ನನಗಿಂತ ಎರಡು ತಿಂಗಳು ಮೊದಲು ಸೇರಿದ್ದ ಬನಶಂಕರಿಯ ಮಂಗಳಾ ನೇರವಾಗಿ ಮಾತಾಡುತ್ತಿದ್ದಳು, ಅವಳು ‘ಹೆಡ್‌ಮಿಸ್ಸು’. ನಾನು ‘ಖಡಕ್ ರೊಟ್ಟಿ’. ಅವರಿಗೆ ಮಾತ್ರ ಯಾರೂ ಹೆಸರಿಟ್ಟಿರಲಿಲ್ಲ.

“ಭಾನುವಾರ ಏನ್ ಮಾಡ್ತೀಯಾ ಮಗಾ?” ಎಂದು ಎರಡನೇ ವಾರವೇ ಕೇಳಿದರು.

“ಏನಿಲ್ರೀ ಸರ, ಅರಿವಿ ಒಗ್ಯಾದು.”

“ಅರಿವಿ!” ಎಂದು ಕಚೇರಿಗೆಲ್ಲ ಕೇಳುವಂತೆ ನಕ್ಕು ಹೆಗಲು ಹಿಡಿದರು. “ಬಟ್ಟೆ ಶನಿವಾರ ಒಗ್ಕೋ ಗುರು. ಭಾನುವಾರ ಮಧ್ಯಾಹ್ನ ನಮ್ಮನೇಗ್ ಬಾ. ನಮ್ ಹುಡುಗ್ರೆಲ್ಲ ಬರ್ತಾರೆ.”

ಊರು ಬಿಟ್ಟು ಬಂದವನನ್ನು ಯಾರಾದರೂ ಮನೆಗೆ ಕರೆದರೆ ಏನಾಗುತ್ತದೆ ಎಂಬುದು ಬೆಂಗಳೂರಿನವರಿಗೆ ಗೊತ್ತಿರಲಿಕ್ಕಿಲ್ಲ. ನಾನು ಹೊಸ ಅಂಗಿ ಕೊಂಡೆ.

ಜೆ.ಪಿ. ನಗರದಲ್ಲಿ ಒಂದು ಮನೆಯ ಮೊದಲ ಮಹಡಿ. ಹಾಲಿನಲ್ಲಿ ದೊಡ್ಡ ಟಿ.ವಿ., ಅದರ ಕೆಳಗೆ ಅವರ ಭಾವ ಸಿಂಗಪುರದಿಂದ ತಂದುಕೊಟ್ಟ ಆಟದ ಡಬ್ಬ. ನಾಲ್ಕು ಜನ ಒಟ್ಟಿಗೆ ಆಡುವಂಥದ್ದು. ವೈರಿನ ತುದಿಯಲ್ಲಿ ನಾಲ್ಕು ಹಿಡಿಕೆಗಳು. ನಾವೆಲ್ಲ ಅವನ್ನು ರಿಮೋಟ್ ಎನ್ನುತ್ತಿದ್ದೆವು. ಅಲ್ಲಿಯವರೆಗೆ ನಾನು ನೋಡಿದ್ದ ವಿಡಿಯೋ ಗೇಮ್ ಎಂದರೆ ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಯದ್ದು, ಒಬ್ಬನೇ ನಿಂತು ಆಡುವಂಥದ್ದು. ಇದು ಬೇರೆಯೇ. ಟಿ.ವಿ. ತೆರೆ ನಾಲ್ಕು ಪಾಲಾಗುತ್ತಿತ್ತು, ನಾಲ್ಕು ಗಾಡಿಗಳು ಓಡುತ್ತಿದ್ದವು. ಒಬ್ಬರ ದಾರಿಗೆ ಇನ್ನೊಬ್ಬರು ಬಾಳೆಹಣ್ಣಿನ ಸಿಪ್ಪೆ ಎಸೆಯಬಹುದಿತ್ತು. ಎಲ್ಲರಿಗೂ ಹೆಚ್ಚು ಇಷ್ಟವಾಗಿದ್ದು ತೆಪ್ಪದಾಟ. ನೀರಿನ ಮೇಲೆ ಒಂದು ತೆಪ್ಪ, ಅದರ ಮೇಲೆ ನಾಲ್ಕು ಗೊಂಬೆಗಳು, ಎದುರಿನಿಂದ ಮರದ ದಿಮ್ಮಿಗಳು ಉರುಳಿ ಬರುತ್ತವೆ. ಗುಂಡಿ ಒತ್ತಿ ಜಿಗಿಯಬೇಕು. ಜಿಗಿಯದವನು ನೀರಿಗೆ.

ರಿಮೋಟ್ ಹಂಚುವವರು ಅವರೇ. ನಾವಾಗಿ ಎತ್ತಿಕೊಳ್ಳುವಂತಿರಲಿಲ್ಲ. ಸೋಫಾದ ಮೇಲೆ ಕಾಲು ಮಡಿಸಿ ಕೂತು, ಕರ್ಚೀಫಿನಿಂದ ಒಂದೊಂದನ್ನೂ ಒರೆಸಿ, ಪ್ರಸಾದ ಕೊಡುವ ಹಾಗೆ ಒಬ್ಬೊಬ್ಬರ ಕೈಗೆ ಇಡುತ್ತಿದ್ದರು. ನಾಲ್ಕರಲ್ಲಿ ಒಂದಕ್ಕೆ ಕಪ್ಪು ದಾರ ಕಟ್ಟಿತ್ತು. ಯಾಕೆ ಸಾರ್ ಎಂದು ಪ್ರಕಾಶ ಕೇಳಿದ್ದಕ್ಕೆ, “ದೃಷ್ಟಿ ದಾರ ಕಣೋ. ಅಕ್ಕಪಕ್ಕದವ್ರ ಕಣ್ಣು ಬೀಳ್ಬಾರ್ದಲ್ಲ” ಎಂದಿದ್ದರು.

ಸೋತವನಿಗೆ ಶಿಕ್ಷೆ. ಅದನ್ನೂ ಅವರೇ ಹೇಳುತ್ತಿದ್ದರು. ಪ್ರಕಾಶ ಒಮ್ಮೆ ತಲೆಯ ಮೇಲೆ ನಿಜವಾದ ಚೊಂಬು ಇಟ್ಟುಕೊಂಡು ಮನೆಯ ಮುಂದಿನ ರಸ್ತೆಯಲ್ಲಿ ನಡೆದ. ಮಂಗಳಾ ಆ ವಾರ ಕಚೇರಿಯಲ್ಲಿ ತಾನು ಮಾಡಿದ ತಪ್ಪುಗಳನ್ನು ವಾರ್ತೆ ಓದುವವರಂತೆ ಓದಬೇಕಾಯಿತು. ಅವಳು ಮುಖ ಗಂಟಿಕ್ಕಿ ಓದಿದಳು. ಅವರು ಅದಕ್ಕೂ ನಕ್ಕರು. ಯಾರಾದರೂ ಮುಖ ಸಣ್ಣ ಮಾಡಿದರೆ ಅವರ ಮಾತು ಸಿದ್ಧವಿತ್ತು: “ಆಟದಲ್ಲಿ ಕೋಪ ಮಾಡ್ಕೊಳ್ಳೋನು ಮನುಷ್ಯನೇ ಅಲ್ಲ.” ಈ ಮಾತನ್ನು ಶ್ರದ್ಧಾಂಜಲಿ ಸಭೆಯಲ್ಲಿ ಇಬ್ಬರು ಮೆಚ್ಚಿ ಹೇಳಿದರು. ಅದನ್ನು ಯಾವಾಗಲೂ ಗೆದ್ದವರೇ ಹೇಳುತ್ತಿದ್ದರು ಎಂಬುದು ಆ ಇಬ್ಬರ ಗಮನಕ್ಕೆ ಬಂದಿರಲಿಲ್ಲವೆಂದು ಕಾಣುತ್ತದೆ.

ಅವರ ಹೆಂಡತಿಯನ್ನು ನಾವು ಅಕ್ಕ ಎನ್ನುತ್ತಿದ್ದೆವು. ಅರಸೀಕೆರೆ ಕಡೆಯವರು. ಒಳಗಿನಿಂದ ಅವಲಕ್ಕಿಯೋ ಉಪ್ಪಿಟ್ಟೋ ತಂದಿಟ್ಟು, ಆಟ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತು ನೋಡಿ, ಹೋಗುತ್ತಿದ್ದರು. ನಾನು ಅಡುಗೆಮನೆಗೆ ತಟ್ಟೆ ಇಡಲು ಹೋದರೆ, “ಇನ್ನೊಂಚೂರು ಹಾಕ್ಲೇನಪ್ಪ, ರಾತ್ರಿಗೆ ಅಲ್ಲೇನ್ ಮಾಡ್ಕೋತೀಯಾ?” ಎಂದು ಕೇಳುವರು. ಆ ಮನೆಯಲ್ಲಿ ನನ್ನನ್ನು ಏನಾದರೂ ಕೇಳಿ ಉತ್ತರಕ್ಕೆ ಕಾಯುತ್ತಿದ್ದವರು ಅವರೊಬ್ಬರೇ.

ನ್ಯಾಯವಾಗಿ ಹೇಳಬೇಕಾದ ಒಂದು ಸಂಗತಿಯಿದೆ. ನನಗೆ ಟೈಫಾಯ್ಡ್ ಬಂದಾಗ ಇವರು ಸ್ಕೂಟರಿನಲ್ಲಿ ಸುದ್ದಗುಂಟೆಪಾಳ್ಯದ ಕೋಣೆಗೆ ಬಂದಿದ್ದರು. ಅಕ್ಕ ಮಾಡಿದ ಗಂಜಿಯ ಡಬ್ಬಿ ತಂದಿದ್ದರು. ನನ್ನ ಹಣೆ ಮುಟ್ಟಿ ನೋಡಿದರು. ಅರ್ಧ ಗಂಟೆ ಕೂತರು, ಕಚೇರಿಯ ಚಿಂತೆ ಬಿಡು ಎಂದರು. ಅವರು ಹೋದ ಮೇಲೆ ನಾನು ಅತ್ತೆ. ಹತ್ತು ದಿನದ ನಂತರ ಕಚೇರಿಗೆ ಹೋದರೆ, ನಮ್ಮ ಕೋಣೆಯ ಹಗ್ಗದ ಮೇಲೆ ನೇತಾಡುತ್ತಿದ್ದ ಒಳಬನಿಯನ್ನುಗಳಲ್ಲಿ ಎಷ್ಟು ತೂತುಗಳಿವೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅವರು ಅದನ್ನು ಅಭಿನಯಿಸಿ ತೋರಿಸಿದ್ದರಂತೆ. ಪ್ರಕಾಶ ನನಗೂ ಒಮ್ಮೆ ಮಾಡಿ ತೋರಿಸಿದ.

ಆಗಲೇ ನಾನು ಎಚ್ಚರವಾಗಬೇಕಿತ್ತು. ಆಗಲಿಲ್ಲ. ಕಾಯಿಲೆಯ ದಿನ ಅವರು ವಿಚಾರಿಸಿದರೆಂದು ಮನಸ್ಸು ಬಿಚ್ಚಿ, ನಮ್ಮವ್ವ ಎಸ್‌.ಟಿ.ಡಿ. ಬೂತಿನಿಂದ ಫೋನ್ ಮಾಡಿ ಅಳುತ್ತಾಳೆ ಎಂದು ಹೇಳಿದ್ದೆ. ಒಂದು ಭಾನುವಾರ ಕಪ್ಪು ದಾರದ ರಿಮೋಟ್ ನನ್ನ ಕೈಗೆ ಬಂತು. ಎಷ್ಟು ಒತ್ತಿದರೂ ನನ್ನ ಗೊಂಬೆ ಒಮ್ಮೆ ಜಿಗಿದರೆ ಇನ್ನೊಮ್ಮೆ ನಿಂತೇ ಇರುತ್ತಿತ್ತು. ಮೂರು ಸಲವೂ ಮೊದಲು ನೀರಿಗೆ ಬಿದ್ದವನು ನಾನೇ.

“ಸರಿ, ರೊಟ್ಟಿಗೆ ಶಿಕ್ಷೆ,” ಎಂದು ಅವರು ಕೈ ಉಜ್ಜಿಕೊಂಡರು. “ನಿಮ್ಮವ್ವ ಫೋನಲ್ಲಿ ಹೆಂಗ್ ಅಳ್ತಾರೆ? ಮಾಡ್ ತೋರ್ಸು.”

ಮಂಗಳಾ, “ಬೇರೆ ಏನಾದ್ರೂ ಹೇಳಿ ಸಾರ್” ಎಂದಳು.

“ಏನಮ್ಮಾ ಹೆಡ್‌ಮಿಸ್ಸು, ಆಟ ತಾನೇ? ಅವನಿಗೇ ಇಲ್ದಿರೋ ಕೋಪ ನಿಂಗ್ಯಾಕೆ?” ಎಂದು ನನ್ನ ಹೆಗಲು ಹಿಡಿದರು. “ಏನ್ ಮಗಾ, ಕೋಪಾನಾ?”

“ಇಲ್ಲ ಸರ” ಎಂದೆ. ಕಿವಿಗೆ ಕೈ ಇಟ್ಟುಕೊಂಡು, ಹೆಣ್ಣುದನಿ ಮಾಡಿ, “ಉಂಡೀ ಏನಪಾ? ದನಿ ಯಾಕ ಸಣ್ಣ ಆಗೇತಿ?” ಎಂದೆ. ಅವರು ಉರುಳಾಡಿ ನಕ್ಕರು. ಇನ್ನೊಮ್ಮೆ ಎಂದರು. ಇನ್ನೊಮ್ಮೆ ಮಾಡಿದೆ. ಎರಡನೇ ಸಲ ಮೂಗೊರೆಸುವುದನ್ನೂ ಸೇರಿಸಿದೆ, ಯಾರೂ ಹೇಳದಿದ್ದರೂ. ಆ ಸಂಜೆ ಕೆಳಗಿನ ಮನೆಯೊಡೆಯರ ಫೋನಿಗೆ ಅವ್ವನ ಕರೆ ಬಂದಾಗ ಇಳಿದು ಹೋಗಲಿಲ್ಲ.

ಇನ್ನು ಆ ಭಾನುವಾರದ ವಿಷಯ.

ನನ್ನನ್ನೂ ಮಂಗಳಾಳನ್ನೂ ಖಾಯಂ ಮಾಡುವ ಹೊತ್ತು ಹತ್ತಿರ ಬಂದಿತ್ತು. ಅವಳು ರಜೆ ಹಾಕಿದ್ದಕ್ಕೆ ಅವಳ ಅವಧಿಯನ್ನು ಎರಡು ತಿಂಗಳು ಮುಂದೂಡಿದ್ದರು. ಅವಳ ಮನೆ ನಡೆಯುತ್ತಿದ್ದುದು ಅವಳ ಸಂಬಳದಿಂದ. ಆ ಭಾನುವಾರ ಪ್ರಕಾಶ ಊರಿಗೆ ಹೋಗಿದ್ದ. ನಾವಿಬ್ಬರು, ಅವರು, ಒಟ್ಟು ಮೂರೇ ಜನ. ಕಪ್ಪು ದಾರದ್ದು ನನ್ನ ಕೈಯಲ್ಲಿತ್ತು. ಮೂರು ಜನರ ಆಟ ಸಪ್ಪೆಯೆನಿಸಿ ಮಂಗಳಾ ಬಾಗಿಲ ಕಡೆ ನೋಡಿ, “ಅಕ್ಕಾ, ನೀವೂ ಬನ್ನಿ. ಒಬ್ರು ಕಮ್ಮಿ ಇದೀವಿ” ಎಂದಳು.

“ಅವಳಿಗೆಲ್ಲಿ ಬರುತ್ತೆ,” ಎಂದರು ಅವರು.

ಅಕ್ಕ ಅಷ್ಟರಲ್ಲಿ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಚಾಪೆಯ ಮೇಲೆ ಕೂತಿದ್ದರು. ಉಳಿದಿದ್ದ ರಿಮೋಟನ್ನು ನನಗೆ ಕೊಟ್ಟು, ನನ್ನ ಕೈಯಿಂದ ಕಪ್ಪು ದಾರದ್ದನ್ನು ತೆಗೆದುಕೊಂಡರು. “ನಂಗೆ ಇದೇ ಅಭ್ಯಾಸ” ಎಂದರು.

ಮೊದಲ ಆಟದಲ್ಲಿ ನಾನು ಬಿದ್ದೆ, ಮಂಗಳಾ ಬಿದ್ದಳು. ತೆಪ್ಪದ ಮೇಲೆ ಗಂಡ ಹೆಂಡತಿ ಇಬ್ಬರೇ. ದಿಮ್ಮಿಗಳು ಒಂದರ ಹಿಂದೆ ಒಂದು ಉರುಳಿ ಬಂದವು. ಅಕ್ಕನ ಗೊಂಬೆ ಹಗುರವಾಗಿ ಜಿಗಿಯುತ್ತಿತ್ತು. ಅವರ ಗೊಂಬೆ ನೀರಿಗೆ ಬಿತ್ತು. ಮಂಗಳಾ ಚಪ್ಪಾಳೆ ತಟ್ಟಿದಳು. “ಲಕ್ಕು, ಲಕ್ಕು,” ಎಂದು ಅವರು ಮತ್ತೆ ಶುರು ಮಾಡಿದರು. ಎರಡನೆಯದನ್ನೂ ಅಕ್ಕ ಗೆದ್ದರು. ಮೂರನೆಯದರಲ್ಲಿ ಅವರು ಎಲ್ಲರಿಗಿಂತ ಮೊದಲು ಬಿದ್ದರು. ಅವರು ಮೊದಲು ಬಿದ್ದುದನ್ನು ನಾನು ಅಂದೇ ನೋಡಿದ್ದು. ಅಕ್ಕ ನಾಲಗೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಆಡುತ್ತಿದ್ದರು. ಅಷ್ಟು ಖುಷಿಯಾಗಿ ಅವರನ್ನು ಅದಕ್ಕೆ ಮೊದಲು ನೋಡಿರಲಿಲ್ಲ.

“ಅಕ್ಕ, ಈ ರಿಮೋಟಲ್ಲಿ ಹೆಂಗ್ ಆಡಿದ್ರಿ?” ಎಂದು ಮಂಗಳಾ ಕೇಳಿದಳು. “ಇದು ನಂಗ್ ಬಂದಾಗೆಲ್ಲ ಮೊದ್ಲು ಬೀಳೋದು ನಾನೇ.”

“ಅಯ್ಯೋ, ಇದ್ರ ಗುಂಡಿ ಕೆಟ್ಟೋಗಿದೆಯಲ್ಲಮ್ಮ. ನೇರ ಒತ್ತಿದ್ರೆ ಹಿಡಿಯಲ್ಲ, ಹಿಂಗೆ ಓರೆಯಾಗಿ ಒತ್ಬೇಕು. ತಂದ ಹೊಸದ್ರಲ್ಲೇ ಕೆಳಗ್ ಬಿದ್ದಿತ್ತು. ಗುರ್ತಿಗೆ ಅಂತಾನೇ ಇವ್ರು ದಾರ ಕಟ್ಟಿರೋದು. ಒಳ್ಳೆವು ಮೂರನ್ನೂ ಬೀರುವಲ್ಲಿ ಇಟ್ಟಿರ್ತಾರೆ, ನಂಗೆ ಹಗಲಲ್ಲಿ ಆಡಕ್ಕೆ ಸಿಗೋದು ಇದೊಂದೇ. ನಿಮ್ಗ್ ಹೇಳಿಲ್ವಾ?”

ಅಕ್ಕ ಯಾವ ದುರುದ್ದೇಶವೂ ಇಲ್ಲದೆ ಹೇಳಿದ್ದರು. ಹೇಳಿ ಮುಗಿಸಿದ ಮೇಲೆ ನಮ್ಮ ಮುಖಗಳನ್ನು ನೋಡಿ, ಏನೋ ಆಯಿತೆಂದು ಅವರಿಗೆ ಗೊತ್ತಾಯಿತು. ನಾನು ಹಳೆಯ ಭಾನುವಾರಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳುತ್ತಿದ್ದೆ. ಯಾವ ವಾರ ಯಾರು ಅವರ ಮಾತಿಗೆ ಎದುರಾಡಿದ್ದರೋ, ಆ ಭಾನುವಾರ ದಾರದ ರಿಮೋಟ್ ಎದುರಾಡಿದವರ ಕೈಯಲ್ಲಿ. ಅವ್ವನಂತೆ ಅಳುವ ಮೊದಲಿನ ಶುಕ್ರವಾರ, ಒಂದು ಪದ ತಪ್ಪಲ್ಲ ಎಂದು ನಾನು ನಿಘಂಟು ತೆರೆದು ತೋರಿಸಿದ್ದೆ.

“ಸಾರ್, ನಿಮ್ಗೆ ಗೊತ್ತಿತ್ತಾ?” ಎಂದು ಮಂಗಳಾ ಕೇಳಿದಳು.

“ಆಟದಲ್ಲಿ ಇವೆಲ್ಲಾ ಇದ್ದಿದ್ದೇ ಕಣಮ್ಮ,” ಎಂದರು. ಮುಖದ ನಗು ಹಾಗೆಯೇ ಇತ್ತು. ಕರ್ಚೀಫ್ ತೆಗೆದು ಕೈ ಒರೆಸಿಕೊಂಡರು. ಆಮೇಲೆ ಹೆಂಡತಿಯ ಕಡೆ ನೋಡದೆ, ನನ್ನನ್ನೇ ನೋಡುತ್ತ ಹೇಳಿದರು: “ಮಡಿಲಲ್ಲಿ ಒಂದು ಮಗು ಇದ್ದಿದ್ರೆ ಇವ್ಳು ಯಾಕೆ ಹಗಲೆಲ್ಲ ರಿಮೋಟ್ ಹಿಡ್ಕೊಂಡ್ ಕೂತಿರ್ತಿದ್ಲು, ಹೇಳು ಮಗಾ?”

ಹೇಳಿ, ನನ್ನ ಹೆಗಲು ಹಿಡಿದರು.

ನಾನು ನಕ್ಕೆ.

ಇದನ್ನು ಎಷ್ಟೋ ಸಲ ಬೇರೆ ಥರ ನೆನಪಿಸಿಕೊಳ್ಳಲು ನೋಡಿದ್ದೇನೆ. ಗಾಬರಿಗೆ ಬಂದ ನಗು, ಅಭ್ಯಾಸದ ನಗು, ಹೀಗೆಲ್ಲ. ಯಾವ ನಗುವಾದರೇನು, ಅದು ಅಕ್ಕನಿಗೆ ಕೇಳಿಸಿತು. ಅವರು ರಿಮೋಟನ್ನು ಟಿ.ವಿ.ಯ ಮೇಲೆ ಇಟ್ಟು, “ಒಲೆ ಮೇಲೆ ಹಾಲಿಟ್ಟಿದ್ದೆ” ಎಂದು ಒಳಗೆ ಹೋದರು. ಒಲೆಯ ಮೇಲೆ ಏನೂ ಇರಲಿಲ್ಲ. ಆಟದ ನಡುವೆ ತಟ್ಟೆ ಇಡಲು ಹೋದಾಗ ನಾನು ನೋಡಿ ಬಂದಿದ್ದೆ. ಮಂಗಳಾ ಅವರ ಹಿಂದೆ ಹೋದಳು. ಹತ್ತು ನಿಮಿಷದ ನಂತರ ಬಂದು ತನ್ನ ಚೀಲ ಎತ್ತಿಕೊಂಡಳು. “ನೀನ್ ಬರ್ತೀಯಾ?” ಎಂದು ನನ್ನನ್ನು ಕೇಳಿದಳು.

“ಇದೊಂದಾಟ ಮುಗ್ಸಿ ಬರ್ತೀನಿ,” ಎಂದೆ. ಅಷ್ಟರಲ್ಲಿ ನನ್ನ ಮಾತೂ ಬೆಂಗಳೂರಿನದಾಗಿತ್ತು.

ಆ ವಾರವೇ ಕಚೇರಿಗೆ ಹೊರದೇಶದಿಂದ ಒಂದು ದೂರು ಬಂತು. ನಾವು ಕಳಿಸಿದ ಗಣಿತದ ಪುಸ್ತಕವೊಂದರ ಒಂದು ಅಧ್ಯಾಯದಲ್ಲಿ ಕೋಷ್ಟಕದ ಅಂಕಿಗಳು ಅದಲುಬದಲಾಗಿ, ಹಾಗೆಯೇ ಅಚ್ಚಾಗಿಬಿಟ್ಟಿದ್ದವು. ಯಾರು ನೋಡಿದ ಕರಡು ಎಂಬ ವಿಚಾರಣೆ ಶುರುವಾಯಿತು. ಪ್ರತಿ ಅಧ್ಯಾಯಕ್ಕೂ ಒಂದು ಚೀಟಿ ಇರುತ್ತಿತ್ತು, ನೋಡಿದವರು ಅದರಲ್ಲಿ ಸಹಿ ಹಾಕಬೇಕು. ಆ ಅಧ್ಯಾಯದ ಚೀಟಿ ಕಡತದಲ್ಲಿರಲಿಲ್ಲ.

ಆ ಅಧ್ಯಾಯ ನೋಡಿದವನು ನಾನು. ಟೈಫಾಯ್ಡಿನಿಂದ ಎದ್ದು ಬಂದ ಮೊದಲ ವಾರ, ಕಣ್ಣು ಮಂಜಾಗುತ್ತಿದ್ದಾಗ ನೋಡಿದ್ದೆ. ಮಂಗಳಾ ಆ ವಾರ ರಜೆಯಲ್ಲಿದ್ದಳು. ದೂರಿನ ಪುಟ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಯಾರಿಗೂ ಹೇಳಲಿಲ್ಲ.

ಬುಧವಾರ ಅವರು ನನ್ನನ್ನು ತಮ್ಮ ಕೋಣೆಗೆ ಕರೆದರು. ಒಂದು ಹಾಳೆ ಮುಂದಿಟ್ಟರು. ಆ ಅಧ್ಯಾಯದ ಕರಡನ್ನು ಮಂಗಳಾ ನೋಡುತ್ತಿದ್ದುದನ್ನು ಪಕ್ಕದ ಮೇಜಿನವನಾದ ನಾನು ಕಂಡಿದ್ದೇನೆ ಎಂದು ಅದರಲ್ಲಿ ಬರೆದಿತ್ತು.

“ಚೀಟಿ ಕಳ್ದೋಗಿದೆ ಮಗಾ. ಮೇಲ್ನೋರಿಗೆ ಏನಾದ್ರೂ ಒಂದು ಕೊಡ್ಬೇಕಲ್ಲ. ಇಲ್ಲಿ ಒಂದ್ ಸೈನ್ ಹಾಕು,” ಎಂದರು. ಪಕ್ಕದಲ್ಲೇ ಇನ್ನೊಂದು ಹಾಳೆಯಿತ್ತು, ನನ್ನನ್ನು ಖಾಯಂ ಮಾಡುವ ಶಿಫಾರಸು. ಅದನ್ನು ಅವರು ಮುಚ್ಚಿಡಲೂ ಇಲ್ಲ, ತೋರಿಸಲೂ ಇಲ್ಲ.

“ಅವಳ ಬಗ್ಗೆ...” ಎಂದೇನೋ ಶುರು ಮಾಡಿದೆ.

“ನೋಡು, ನಿಂಗ್ ಗೊತ್ತಿಲ್ಲ ಅಂದ್ರೆ ಬಿಡು. ಹಂಗಾದ್ರೆ ಎಲ್ರನ್ನೂ ಕೂರ್ಸಿ, ಯಾರ್ ಯಾವ ವಾರ ಏನ್ ನೋಡಿದ್ರು ಅಂತ ಮೊದ್ಲಿಂದ ಕೇಳ್ಬೇಕಾಗುತ್ತೆ.”

ಸಹಿ ಹಾಕಿದೆ. ದೇವರು ಕಾಪಾಡಿದ ಎಂದುಕೊಂಡೆ. ನಿಜವಾಗಿಯೂ ಹಾಗೆಯೇ ಅಂದುಕೊಂಡೆ.

ಆಗ ತಾನು ರಜೆಯಲ್ಲಿದ್ದೆ ಎಂದು ಮಂಗಳಾ ವಾದಿಸಿದಳು. ಯಾವ ವಾರದ ರಜೆ ಎಂದು ತೋರಿಸುವ ಅರ್ಜಿಯೂ ಸಿಗಲಿಲ್ಲ. ಆ ಶನಿವಾರವೇ ಅವಳ ಕೆಲಸ ಹೋಯಿತು. ಮೇಜಿನ ಮೇಲಿದ್ದ ಕೆಂಪು ಪೆನ್ನುಗಳು, ಟಿಫನ್ ಡಬ್ಬಿ, ಒಂದು ಸಣ್ಣ ನಿಘಂಟು ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡಳು. ಹಾಳೆಯ ಮೇಲೆ ನನ್ನ ಸಹಿ ಇದ್ದುದನ್ನು ಅವಳಿಗೆ ತೋರಿಸಿದ್ದರೋ ಇಲ್ಲವೋ ನನಗೆ ತಿಳಿದಿರಲಿಲ್ಲ. ನಾನು ಬಚ್ಚಲಿಗೆ ಹೋಗಿ ನಿಂತಿದ್ದೆ. ಹೊರಗೆ ಬರುವಷ್ಟರಲ್ಲಿ ಹೋಗಿದ್ದಳು.

ಭಾನುವಾರಗಳು ನಿಲ್ಲಲಿಲ್ಲ. ಅಕ್ಕ ತಿಂಡಿಯನ್ನು ಮೊದಲೇ ತಟ್ಟೆಗಳಿಗೆ ಹಾಕಿಟ್ಟು, ನಾವು ಬಂದ ಕೂಡಲೇ ಮೇಲಿನ ಟೆರೇಸಿಗೆ ಹೋಗಿಬಿಡುತ್ತಿದ್ದರು. ನಾವು ಹೊರಡುವವರೆಗೂ ಇಳಿಯುತ್ತಿರಲಿಲ್ಲ. ಕಪ್ಪು ದಾರದ್ದು ಮತ್ತೆ ನನ್ನ ಕೈಗೆ ಬರಲಿಲ್ಲ. ಮಂಗಳಾಳ ಜಾಗಕ್ಕೆ ರಾಯಚೂರಿನಿಂದ ಒಬ್ಬ ಬಂದ. ಮೊದಲ ಭಾನುವಾರ ಅವನೂ ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಅವರು ದಾರದ ರಿಮೋಟನ್ನು ಒರೆಸಿ ಅವನ ಕೈಗಿಟ್ಟರು. ಅವನ ಗೊಂಬೆ ನೀರಿಗೆ ಬೀಳುತ್ತಲೇ ಇತ್ತು. ಗುಂಡಿಯನ್ನು ಓರೆಯಾಗಿ ಒತ್ತಬೇಕೆಂದು ನಾನು ಅವನಿಗೆ ಹೇಳಲಿಲ್ಲ. ಶಿಕ್ಷೆ ಏನಿರಬಹುದು ಎಂದು ಕಾದೆ. ಅದು ಬಂದಾಗ ಎಲ್ಲರಿಗಿಂತ ಮೊದಲು ನಕ್ಕೆ. ಅವರು ನನ್ನನ್ನು ಮೆಚ್ಚುಗೆಯಿಂದ ನೋಡಿದರು. ಅವರು ನನ್ನನ್ನು ಏನು ಮಾಡಿದ್ದರು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ನನ್ನಲ್ಲಿಲ್ಲ.

ನಾಲ್ಕು ವರ್ಷ ತುಂಬಿದ ಮೇಲೆ ಬೇರೆ ಕಡೆ ಕೆಲಸ ಸಿಕ್ಕಿ ಬಿಟ್ಟೆ. ಬೀಳ್ಕೊಡುಗೆಯ ದಿನ ಅವರು ಭಾಷಣ ಮಾಡಿ, ಕಣ್ಣೀರು ಹಾಕಿ, ತೂತು ಬನಿಯನ್ನಿನ ಕತೆ ಹೇಳಿದರು.

ಅವರಿಗೆ ಕಾಯಿಲೆ ಎಂದು ಪ್ರಕಾಶನಿಂದ ತಿಳಿದಿದ್ದು ಎಷ್ಟೋ ವರ್ಷದ ಮೇಲೆ. ಲಿವರ್ ಕೆಟ್ಟಿತ್ತು. “ನಿನ್ನ ಕೇಳ್ತಿದ್ರು, ಒಂದ್ಸಲ ನೋಡ್ಕೊಂಡ್ ಬಾ” ಎಂದ. ಹೋದೆ. ಅಷ್ಟರಲ್ಲಿ ಅವರು ಸುಬ್ರಹ್ಮಣ್ಯಪುರದ ಒಂದು ಅಪಾರ್ಟ್‌ಮೆಂಟಿಗೆ ಬಂದಿದ್ದರು. ಬಾಗಿಲು ತೆರೆದೇ ಇತ್ತು, ಒಳಗಿನಿಂದ ಹೆಂಗಸರ ನಗು ಕೇಳುತ್ತಿತ್ತು. ನೋಡಿದರೆ ಹಾಲಿನಲ್ಲಿ ಅಕ್ಕ, ಅವರ ಜೊತೆ ಅದೇ ಕಟ್ಟಡದ ಮೂವರು ಹೆಂಗಸರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಟಿ.ವಿ. ಮುಂದೆ ನಿಂತು ಕೈ ಬೀಸುತ್ತಿದ್ದರು. ಕೈ ಬೀಸಿದರೆ ತೆರೆಯ ಮೇಲೆ ಚೆಂಡು ಉರುಳಿ ಸೀಸೆಗಳು ಬೀಳುವ ಹೊಸ ಆಟ. ರಿಮೋಟಿಗೆ ವೈರೇ ಇರಲಿಲ್ಲ. ಒಬ್ಬ ವಯಸ್ಸಾದಾಕೆ ಬೀಸಿದ ರಭಸಕ್ಕೆ ಕೈಬಳೆ ಜಾರಿ ಸೋಫಾದ ಕೆಳಗೆ ಹೋಯಿತು. ನಾಲ್ವರೂ ಕೂತು ಬಗ್ಗಿ ಹುಡುಕಿ ನಕ್ಕರು.

ಅಕ್ಕ ನನ್ನನ್ನು ಗುರುತಿಸಿದರು. “ಒಳಗಿದಾರೆ, ಹೋಗಿ” ಎಂದರು. ಹಿಂದೆ ನನ್ನನ್ನು ನೀನು ಎನ್ನುತ್ತಿದ್ದವರು. ಅಷ್ಟು ಹೇಳಿ ಆಟಕ್ಕೆ ತಿರುಗಿದರು.

ಅವರು ಮಂಚದ ಮೇಲಿದ್ದರು. ಮೈ ಹಳದಿಗಟ್ಟಿತ್ತು, ಹೊಟ್ಟೆ ಊದಿತ್ತು. ಕೂದಲು ಮಾತ್ರ ಹಾಗೆಯೇ. ನನ್ನನ್ನು ನೋಡಿ, “ಬಾರೋ ರೊಟ್ಟಿ. ಆ ಬಾಗಿಲು ಹಾಕು ಮೊದ್ಲು. ಭಾನುವಾರ ಬಂದ್ರೆ ಸಾಕು, ಇವರ ಕಿರುಚಾಟ” ಎಂದರು.

ನಾನು ಬಾಗಿಲು ಹಾಕಲಿಲ್ಲ. ನಿಘಂಟು ತೆರೆದು ತೋರಿಸಿದ ಆ ಶುಕ್ರವಾರದ ನಂತರ ಅವರ ವಿರುದ್ಧ ನಾನು ಮಾಡಿದ ಮೊದಲ ಕೆಲಸ ಅದು, ಅಷ್ಟೇ ಸಣ್ಣದು.

ಸ್ವಲ್ಪ ಹೊತ್ತು ಹಳೆಯವರ ಬಗ್ಗೆ ಮಾತಾಡಿದರು. “ನಿಮ್ಗೆಲ್ಲಾ ಎಷ್ಟ್ ಖುಷಿ ಕೊಟ್ಟೆ ಅಲ್ವೇನೋ ನಾನು” ಎಂದರು. ಆಗ ನನಗೇ ತಿಳಿಯದೆ ಮಾತು ಹೊರಟಿತು.

“ಸಾರ್, ಆ ಗಣಿತದ ಪುಸ್ತಕ. ಆ ಅಧ್ಯಾಯ ಮಂಗಳಾ ನೋಡಿದ್ದಲ್ಲ. ನಾನು ನೋಡಿದ್ದು.”

ಅವರು ಗಾಬರಿಯಾಗಲಿಲ್ಲ. ನನ್ನನ್ನು ಕನಿಕರದಿಂದ ನೋಡಿದ ಹಾಗಿತ್ತು.

“ನಂಗ್ ಗೊತ್ತಿಲ್ವಾ ಮಗಾ? ಚೀಟಿ ನನ್ ಹತ್ರಾನೇ ಇತ್ತು.”

“ಮತ್ತೆ ನನ್ನ ಹತ್ರ ಯಾಕೆ ಸೈನ್ ಹಾಕಿಸ್ದ್ರಿ? ಪ್ರಕಾಶ ಇದ್ನಲ್ಲ.”

“ಪ್ರಕಾಶ ಕುಡಿದ್ರೆ ಎಲ್ಲಾ ಒದರ್ತಾನೆ. ತಪ್ಪು ಮಾಡಿದೋನು ಸೈನ್ ಹಾಕಿದ್ರೆ ಸಾಯೋವರ್ಗೂ ಬಾಯಿ ಬಿಡಲ್ಲ.” ಹೇಳಿ, ನಗಲು ಹೋಗಿ ಕೆಮ್ಮಿದರು. ಕೈ ಚಾಚಿದರು. ನನ್ನ ಹೆಗಲಿಗೆ ಅದು ಎಟುಕಲಿಲ್ಲ. ನಾನು ಹತ್ತಿರ ಸರಿಯಲಿಲ್ಲ.

ಹೊರಗೆ ಬಂದಾಗ ಅಕ್ಕ ಕುರ್ಚಿಯಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು. ಆ ಭಾನುವಾರದ ನಗುವಿಗೆ ಕ್ಷಮೆ ಕೇಳಬೇಕೆಂದು ಅವರ ಮುಂದೆ ನಿಂತೆ. “ಅಕ್ಕ, ಅವತ್ತು...” ಎಂದೆ. ಅವರು ಕೈ ಎತ್ತಿ ತಡೆದರು. “ಅವೆಲ್ಲ ಈಗ ಬೇಡ. ನನ್ ಆಟ ಬಂತು” ಎಂದು ಎದ್ದರು.

ಅದಾಗಿ ಮೂರು ತಿಂಗಳಿಗೆ ಒಳಗೆ ಮಲಗಿದ್ದವರು ತೀರಿಕೊಂಡರು. ಆ ಮೂರು ತಿಂಗಳಲ್ಲಿ ದಿನವೂ ಮಂಗಳಾಳನ್ನು ಹುಡುಕಿ ಹೋಗಬೇಕೆಂದುಕೊಂಡೆ. ಹೋಗಲಿಲ್ಲ. ಶ್ರದ್ಧಾಂಜಲಿ ಸಭೆಯ ಮಾರನೆಯ ದಿನ ಹೋದೆ.

ಬನಶಂಕರಿ ಎರಡನೇ ಹಂತದಲ್ಲಿ, ಒಂದು ಮೆಡಿಕಲ್ ಅಂಗಡಿಯ ಪಕ್ಕದ ಒಂದೇ ಕೋಣೆ. ಅಲ್ಲಿ ಅವಳು ಪುಸ್ತಕಗಳಿಗೆ ಪುಟ ಜೋಡಿಸಿಕೊಡುವ ಕೆಲಸವನ್ನು ತಾನೇ ನಡೆಸುತ್ತಿದ್ದಳು. ಕನ್ನಡಕ ಬಂದಿತ್ತು. ಒಂದು ಕರಡಿನ ಮೇಲೆ ಬಗ್ಗಿದ್ದಳು. ನನ್ನನ್ನು ನೋಡಿ, ಕುರ್ಚಿ ತೋರಿಸಿದಳು. ನಾನು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ಅಧ್ಯಾಯ ನನ್ನದು, ಸಹಿ ನನ್ನದು, ಚೀಟಿ ಅವರ ಹತ್ತಿರವೇ ಇತ್ತು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳು ಎರಡೇ ನಿಮಿಷದಲ್ಲಿ ಮುಗಿದವು.

“ಚೀಟಿ ವಿಷ್ಯ ಗೊತ್ತಿರ್ಲಿಲ್ಲ,” ಎಂದಳು. “ಮಿಕ್ಕಿದ್ದು ಅವತ್ತೇ ಗೊತ್ತಿತ್ತು. ನಾನ್ ರಜೆ ಇದ್ದ ವಾರ ಪಕ್ಕದ ಮೇಜಲ್ಲಿ ಇದ್ದೋನು ನೀನೊಬ್ನೇ ಅಲ್ವಾ? ಸೈನ್ ಕೂಡ ತೋರ್ಸಿದ್ರು.”

“ಯಾಕೆ ಬಂದು ಕೇಳ್ಲಿಲ್ಲ ನನ್ನ?”

“ನೀನೇ ಬರ್ತೀಯ ಅಂದ್ಕೊಂಡಿದ್ದೆ. ಒಂದು ವರ್ಷ ಅಂದ್ಕೊಂಡಿದ್ದೆ. ಆಮೇಲೆ ಕೆಲ್ಸ ಜಾಸ್ತಿ ಆಯ್ತು.” ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. “ಈಗ ಯಾಕ್ ಬಂದೆ?”

“ಅವ್ರು ತೀರ್ಕೊಂಡ್ರು. ನಿನ್ನೆ ಸಭೆ ಇತ್ತು.”

“ಓ,” ಎಂದಳು ಮಂಗಳಾ. “ಹಂಗಾದ್ರೆ ಇನ್ನೇನ್ ಭಯ ಇಲ್ಲ ನಿಂಗೆ.”

ಹಾಗಲ್ಲ ಎನ್ನಲು ಬಾಯಿ ತೆರೆದೆ. ಅವಳು ಕನ್ನಡಕ ಹಾಕಿಕೊಂಡು, ಕೆಂಪು ಪೆನ್ನಿನಿಂದ ಮುಂದಿನ ಸಾಲಿಗೆ ಹೋಗಿದ್ದಳು.